ಅಯಾನುಗಳ ಸಂಕೇತ, ಆವೇಶ ಮತ್ತು ಜಡಾನಿಲಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳೂ ಅವರಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರೂ ಕೇಳುವ ಪ್ರಶ್ನೆಗಳಿವು. ಉದಾಹರಣೆಗಳನ್ನು ಉಡುಪಿ, ಮಂಗಳೂರು ಕಡೆಯ ಅಡುಗೆಮನೆ, ಬಾವಿಕಟ್ಟೆ, ಅಡಿಕೆ ತೋಟಗಳಿಂದಲೇ ಆರಿಸಿದ್ದೇವೆ. ಸಂಕೇತಗಳನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇವೆ: ಸೋಡಿಯಂ ‘ಎನ್‌ಎ’, ಕ್ಲೋರಿನ್ ‘ಸಿಎಲ್’. ಉತ್ತರಪತ್ರಿಕೆಯಲ್ಲಿ ಮಾತ್ರ ರೋಮನ್ ಅಕ್ಷರಗಳೇ ಬೇಕು, ಕನ್ನಡ ಮಾಧ್ಯಮದವರಿಗೂ.

ದೊಡ್ಡಕ್ಷರ, ಸಣ್ಣಕ್ಷರ ಅಂತ ಇಷ್ಟು ಹಟ ಏಕೆ?

ಅಕ್ಷರ ಬದಲಾದರೆ ವಸ್ತುವೇ ಬದಲಾಗುತ್ತದೆ. ‘ಸಿ’ ದೊಡ್ಡದು, ‘ಓ’ ಸಣ್ಣದಾದರೆ ಅದು ಕೋಬಾಲ್ಟ್ ಎಂಬ ಲೋಹ. ಎರಡನ್ನೂ ದೊಡ್ಡದಾಗಿ ಬರೆದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ನಿಯಮ ಇಷ್ಟೇ: ಮೊದಲ ಅಕ್ಷರ ಯಾವಾಗಲೂ ದೊಡ್ಡದು, ಎರಡನೆಯದು ಇದ್ದರೆ ಯಾವಾಗಲೂ ಸಣ್ಣದು. ಕೈಬರಹದಲ್ಲಿ ಹೆಚ್ಚು ಎಡವುವುದು ಕ್ಲೋರಿನ್‌ನಲ್ಲಿ. ಅದರ ಸಣ್ಣ ‘ಎಲ್’ ದೊಡ್ಡ ‘ಐ’ ಹಾಗೆ ಕಂಡರೆ ಮೌಲ್ಯಮಾಪಕರು ಕಾರ್ಬನ್, ಅಯೋಡಿನ್ ಎಂದು ಓದಿಕೊಳ್ಳುತ್ತಾರೆ. ಆ ‘ಎಲ್’ನ ಬುಡವನ್ನು ಸ್ವಲ್ಪ ಬಲಕ್ಕೆ ಬಾಗಿಸಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಸೋಡಿಯಂಗೆ ಎನ್‌ಎ, ಪೊಟ್ಯಾಸಿಯಂಗೆ ಕೆ, ಕಬ್ಬಿಣಕ್ಕೆ ಎಫ್‌ಇ ಹೇಗೆ ಬಂತು?

ಲ್ಯಾಟಿನ್ ಹೆಸರುಗಳಿಂದ. ನ್ಯಾಟ್ರಿಯಂ, ಕ್ಯಾಲಿಯಂ, ಫೆರಮ್. ಹಾಗೆಯೇ ತಾಮ್ರ ಕ್ಯೂಪ್ರಮ್, ಬೆಳ್ಳಿ ಅರ್ಜೆಂಟಮ್, ಸೀಸ ಪ್ಲಂಬಮ್, ತವರ ಸ್ಟ್ಯಾನಮ್, ಚಿನ್ನ ಆರಮ್, ಪಾದರಸ ಹೈಡ್ರಾರ್ಜಿರಮ್. ಅಕ್ಷರಗಳನ್ನು ಸಂಕೇತವಾಗಿ ಬಳಸುವ ಪದ್ಧತಿಯನ್ನು 1813–14ರಲ್ಲಿ ಮುಂದಿಟ್ಟವರು ಸ್ವೀಡನ್ನಿನ ಬರ್ಜೀಲಿಯಸ್. ಸಂಕೇತಗಳೇನೂ ಕಲ್ಲಿನಲ್ಲಿ ಕೆತ್ತಿದವಲ್ಲ. ಆರ್ಗಾನ್‌ಗೆ 1957ರವರೆಗೆ ಬರೀ ‘ಎ’ ಇತ್ತು, ಆಮೇಲೆ ‘ಎಆರ್’ ಆಯಿತು. ಅಜ್ಜನ ಕಾಲದ ಪುಸ್ತಕದಲ್ಲಿ ‘ಎ’ ಕಂಡರೆ ಅದು ಅಚ್ಚಿನ ತಪ್ಪಲ್ಲ.

ಸೋಡಿಯಂ, ಸೋಡಿಯಂ ಅಯಾನು ಎರಡೂ ಒಂದೇ ತಾನೇ?

ಅಲ್ಲವೇ ಅಲ್ಲ. ಸೋಡಿಯಂ ಲೋಹದ ಚೂರನ್ನು ಪ್ರಯೋಗಾಲಯದಲ್ಲಿ ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ನೀರಿಗೆ ಬಿದ್ದರೆ ಚುರುಗುಟ್ಟಿ ಓಡಾಡಿ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ ಉಪ್ಪಡ್ ಪಚ್ಚಿರ್ (ಉಪ್ಪುನೀರಿನಲ್ಲಿಟ್ಟ ಹಲಸಿನ ತೊಳೆ) ಹಾಕಿಟ್ಟ ಭರಣಿಯ ತುಂಬ ಅದೇ ಸೋಡಿಯಂ, ನೀರಿನಲ್ಲೇ ತಿಂಗಳುಗಟ್ಟಲೆ ಸುಮ್ಮನೆ ಕುಳಿತಿರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಇಲೆಕ್ಟ್ರಾನ್. ಲೋಹದ ಪರಮಾಣುವಿನಲ್ಲಿ 11 ಪ್ರೋಟಾನ್, 11 ಇಲೆಕ್ಟ್ರಾನ್. ಉಪ್ಪಿನಲ್ಲಿರುವುದು ಒಂದು ಇಲೆಕ್ಟ್ರಾನನ್ನು ಆಗಲೇ ಬಿಟ್ಟುಕೊಟ್ಟ ಎನ್‌ಎ⁺: 11 ಪ್ರೋಟಾನ್, 10 ಇಲೆಕ್ಟ್ರಾನ್. ಕೊಡಬೇಕಾದ್ದನ್ನು ಕೊಟ್ಟಾಗಿರುವುದರಿಂದ ನೀರಿನೊಡನೆ ಅದಕ್ಕೆ ಜಗಳವಿಲ್ಲ.

ಇಲೆಕ್ಟ್ರಾನ್ ಕಳೆದುಕೊಂಡದ್ದು ಧನ ಅಯಾನು, ಪಡೆದುಕೊಂಡದ್ದು ಋಣ ಅಯಾನು. ಇಲ್ಲಿ ಬಹಳ ಮಕ್ಕಳು ತಿರುವುಮುರುವು ಮಾಡುತ್ತಾರೆ: ‘ಕಳೆದುಕೊಂಡರೆ ಮೈನಸ್ ಆಗಬೇಕಲ್ಲ?’ ಕಳೆದುಹೋದದ್ದೇ ಋಣದ ಸರಕು. ತಲೆಯ ಮೇಲಿನ ಸಾಲ ತೀರಿದರೆ ಲೆಕ್ಕ ಪ್ಲಸ್ ಕಡೆಗೇ ಸರಿಯುತ್ತದೆ. ಅಂದ ಹಾಗೆ, ‘ಆವೇಶ’ ಎಂದ ಕೂಡಲೇ ನಮ್ಮ ಕಡೆ ಮಕ್ಕಳಿಗೆ ಭೂತಕೋಲದ ಅಂಗಳ ಕಣ್ಣಿಗೆ ಬರುವುದು ಸಹಜ. ಪದ ಅದೇ, ಆದರೆ ರಸಾಯನಶಾಸ್ತ್ರದ ಆವೇಶವನ್ನು ಬೆರಳೆಣಿಸಿ ಹೇಳಬಹುದು.

ಆವೇಶಗಳನ್ನೆಲ್ಲ ಬಾಯಿಪಾಠ ಮಾಡಲೇಬೇಕೇ?

ಬೇಡ. ಬಾಯಿಪಾಠ ಮಾಡಬೇಕಾದ್ದು ಆರು ಸಂಖ್ಯೆಗಳನ್ನು ಮಾತ್ರ: 2, 10, 18, 36, 54, 86. ಇವು ಕ್ರಮವಾಗಿ ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್ ಎಂಬ ಜಡಾನಿಲಗಳ ಪರಮಾಣು ಸಂಖ್ಯೆ. ಇವುಗಳ ಹೊರಕವಚ ಭರ್ತಿಯಾಗಿದೆ. ಉಳಿದ ಧಾತುಗಳು ತಮಗೆ ಹತ್ತಿರದ ಜಡಾನಿಲದಷ್ಟೇ ಇಲೆಕ್ಟ್ರಾನ್ ಇರುವಂತೆ ಕೊಡುವುದೋ ತೆಗೆದುಕೊಳ್ಳುವುದೋ ಮಾಡುತ್ತವೆ. ಹಾಗಾಗಿ ಧಾತುವಿನ ಪರಮಾಣು ಸಂಖ್ಯೆಯಿಂದ ಹತ್ತಿರದ ಜಡಾನಿಲದ ಸಂಖ್ಯೆಯನ್ನು ಕಳೆಯಿರಿ. ಬಂದ ಉತ್ತರವೇ ಆವೇಶ, ಚಿಹ್ನೆ ಸಮೇತ.

ಸೋಡಿಯಂ: 11 − 10 = +1, ಆದ್ದರಿಂದ ಎನ್‌ಎ⁺.
ಮೆಗ್ನೀಸಿಯಂ: 12 − 10 = +2, ಎಮ್‌ಜಿ²⁺.
ಅಲ್ಯೂಮಿನಿಯಂ: 13 − 10 = +3, ಎಎಲ್³⁺.
ಆಕ್ಸಿಜನ್: 8 − 10 = −2, ಓ²⁻.
ನೈಟ್ರೋಜನ್: 7 − 10 = −3, ಎನ್³⁻.
ಕ್ಲೋರಿನ್: 17 − 18 = −1, ಸಿಎಲ್⁻.
ಕ್ಯಾಲ್ಸಿಯಂ: 20 − 18 = +2, ಸಿಎ²⁺.
ಅಯೋಡಿನ್: 53 − 54 = −1, ಐ⁻.
ಬೇರಿಯಂ: 56 − 54 = +2, ಬಿಎ²⁺.

ಈ ಕಳೆಯುವ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಿರಬೇಕು. ಉತ್ತರ 3ಕ್ಕಿಂತ ಹೆಚ್ಚು ಬಂದರೆ ಅದನ್ನು ನಂಬಬೇಡಿ. ಕಾರ್ಬನ್ (6) ಎರಡೂ ಕಡೆಗೆ ನಾಲ್ಕು ಹೆಜ್ಜೆ ದೂರ, ಅದು ಇಲೆಕ್ಟ್ರಾನ್ ಹಂಚಿಕೊಂಡು ಬಾಳುತ್ತದೆ. ಸತು (30) ಆರ್ಗಾನ್‌ನಿಂದ 12 ಹೆಜ್ಜೆ ಆಚೆ ಇದೆ, ಆದರೆ ಬಿಡುವುದು ಎರಡನ್ನೇ. ಆವರ್ತ ಕೋಷ್ಟಕದ ಮಧ್ಯಭಾಗದ ಲೋಹಗಳಿಗೆ, ಅಂದರೆ ಕಬ್ಬಿಣ, ತಾಮ್ರ, ಬೆಳ್ಳಿ, ಸತು ಮುಂತಾದವಕ್ಕೆ, ಈ ಸೂತ್ರ ಹೊಂದುವುದಿಲ್ಲ. ತವರ, ಸೀಸ ಇವಕ್ಕೂ ಅಷ್ಟೇ. ಇವನ್ನು ಬೇರೆಯಾಗಿ ಕಲಿಯಬೇಕು: ಬೆಳ್ಳಿ 1+, ಸತು 2+, ಸೀಸ ಹೆಚ್ಚಾಗಿ 2+.

ಎನ್‌ಎ⁺ನಲ್ಲಿ ನಿಯಾನ್‌ನಷ್ಟೇ ಇಲೆಕ್ಟ್ರಾನ್ ಇದ್ದರೆ ಅದು ನಿಯಾನ್ ಆಯಿತಲ್ಲ?

ಇಲ್ಲ. ಧಾತು ಯಾವುದೆಂದು ತೀರ್ಮಾನಿಸುವುದು ಪ್ರೋಟಾನ್‌ಗಳ ಸಂಖ್ಯೆ. ಎನ್³⁻, ಓ²⁻, ಎಫ್⁻, ಎನ್‌ಇ, ಎನ್‌ಎ⁺, ಎಮ್‌ಜಿ²⁺, ಎಎಲ್³⁺ ಈ ಏಳರಲ್ಲೂ ಇಲೆಕ್ಟ್ರಾನ್ ಹತ್ತೇ, ಪ್ರೋಟಾನ್ ಮಾತ್ರ 7ರಿಂದ 13ರವರೆಗೆ ಏರುತ್ತದೆ. ಎಳೆಯುವ ಬಲ ಹೆಚ್ಚಿದಂತೆ ಗಾತ್ರ ಕುಗ್ಗುತ್ತದೆ: ಓ²⁻ ತ್ರಿಜ್ಯ ಸುಮಾರು 140 ಪಿಕೋಮೀಟರ್, ಎನ್‌ಎ⁺ 102, ಎಮ್‌ಜಿ²⁺ 72, ಎಎಲ್³⁺ ಸುಮಾರು 54. ಪಿಯುಸಿಯಲ್ಲಿ ‘ಗಾತ್ರದ ಇಳಿಕೆ ಕ್ರಮದಲ್ಲಿ ಬರೆಯಿರಿ’ ಎಂದು ಕೇಳಿದಾಗ ಪ್ರೋಟಾನ್ ಎಣಿಸಿದರೆ ಸಾಕು.

ಸೋಡಿಯಂ ಇನ್ನೊಂದು ಇಲೆಕ್ಟ್ರಾನ್ ಕೊಟ್ಟು 2+ ಏಕೆ ಆಗಬಾರದು?

ಖರ್ಚು ನೋಡಿ. ಸೋಡಿಯಂನ ಮೊದಲ ಇಲೆಕ್ಟ್ರಾನ್ ಕೀಳಲು ಪ್ರತಿ ಮೋಲ್‌ಗೆ 496 ಕಿಲೋಜೂಲ್ ಸಾಕು. ಎರಡನೆಯದಕ್ಕೆ 4562 ಬೇಕು, ಒಂಬತ್ತು ಪಟ್ಟಿಗಿಂತ ಹೆಚ್ಚು. ಏಕೆಂದರೆ ಎರಡನೆಯದು ನಿಯಾನ್‌ನಂತೆ ಭರ್ತಿಯಾದ ಒಳಕವಚದಿಂದ ಬರಬೇಕು. ಮೆಗ್ನೀಸಿಯಂನಲ್ಲಿ 738, 1451 ಆದಮೇಲೆ ಒಮ್ಮೆಲೇ 7733ಕ್ಕೆ ಹಾರುತ್ತದೆ. ಎಲ್ಲಿ ಸಂಖ್ಯೆ ಹಾರುತ್ತದೋ ಅಲ್ಲಿಗೆ ಆವೇಶ ನಿಲ್ಲುತ್ತದೆ.

2+ ಸರಿಯೋ, +2 ಸರಿಯೋ?

ಅಯಾನಿನ ಆವೇಶವನ್ನು ಸಂಕೇತದ ಬಲ ತಲೆಯ ಮೇಲೆ ಬರೆಯುವಾಗ ಅಂಕಿ ಮೊದಲು, ಚಿಹ್ನೆ ಆಮೇಲೆ: ಸಿಎ²⁺. ಒಂದಾದರೆ ಅಂಕಿ ಬರೆಯುವುದಿಲ್ಲ. +2 ಎನ್ನುವುದು ಉತ್ಕರ್ಷಣ ಸಂಖ್ಯೆಯ ಬರಹ. ಆವೇಶವೇ ಇಲ್ಲದ ಕಡೆಯೂ, ಉದಾಹರಣೆಗೆ ನೀರಿನ ಅಣುವಿನ ಆಕ್ಸಿಜನ್‌ಗೆ, ಉತ್ಕರ್ಷಣ ಸಂಖ್ಯೆ −2 ಎಂದು ಹೇಳುತ್ತೇವೆ. ಇನ್ನು ವೇಲೆನ್ಸಿಗೆ ಚಿಹ್ನೆಯೇ ಇಲ್ಲ, ಬರೀ 2.

ಜಡಾನಿಲಗಳ ಆವೇಶ ಎಷ್ಟು?

ಸೊನ್ನೆ. ಮೇಲಿನ ಲೆಕ್ಕವೂ ಅದನ್ನೇ ಹೇಳುತ್ತದೆ: 18 − 18 = 0. ಸಂಕೇತದ ತಲೆಯ ಮೇಲೆ ಏನೂ ಬರೆಯಬೇಡಿ. ಎಚ್‌ಇ, ಎನ್‌ಇ, ಎಆರ್, ಕೆಆರ್, ಎಕ್ಸ್‌ಇ, ಆರ್‌ಎನ್. ಕೆಳಗೆ 2 ಹಾಕುವುದೂ ತಪ್ಪು. ಹೈಡ್ರೋಜನ್, ಆಕ್ಸಿಜನ್‌ಗಳ ಹಾಗೆ ಇವು ಜೋಡಿಯಾಗಿ ತಿರುಗುವುದಿಲ್ಲ, ಒಂಟಿ ಪರಮಾಣುವೇ ಅಣು. 18ನೇ ಗುಂಪಿನ ಕೊನೆಗೆ 118ನೇ ಧಾತು ಒಗನೆಸ್ಸಾನ್ (ಓಜಿ) ಕೂಡ ಇದೆ. 2016ರಲ್ಲಿ ಹೆಸರು ಪಡೆದ, ಪ್ರಯೋಗಾಲಯದಲ್ಲಿ ಬೆರಳೆಣಿಕೆಯಷ್ಟು ಪರಮಾಣುಗಳನ್ನು ಮಾತ್ರ ತಯಾರಿಸಿರುವ ಧಾತು ಅದು. ಪರೀಕ್ಷೆಗೆ ಅಷ್ಟು ಗೊತ್ತಿದ್ದರೆ ಸಾಕು.

ಹಾಗಾದರೆ ಇವು ಯಾವುದರೊಡನೆಯೂ ಸೇರುವುದೇ ಇಲ್ಲವೇ?

1962ರವರೆಗೆ ಬಹುತೇಕ ಎಲ್ಲರೂ ಹಾಗೆಯೇ ನಂಬಿದ್ದರು. ನೀಲ್ ಬಾರ್ಟ್ಲೆಟ್ ಅವರು ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಕ್ಸಿಜನ್ ಅಣುವಿನಿಂದಲೇ ಇಲೆಕ್ಟ್ರಾನ್ ಕಸಿದುಕೊಳ್ಳುವುದನ್ನು ಕಂಡಿದ್ದರು. ಕ್ಸೆನಾನ್‌ನಿಂದ ಇಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಎಂದು ಗಮನಿಸಿ ಎರಡನ್ನೂ ಬೆರೆಸಿದರು, ಕಿತ್ತಳೆ–ಹಳದಿ ಘನವಸ್ತು ಸಿಕ್ಕಿತು. ಈಗ ಕ್ಸೆನಾನ್‌ನ ಹಲವು ಫ್ಲೋರೈಡುಗಳು ಗೊತ್ತಿವೆ. ಹೀಲಿಯಂ, ನಿಯಾನ್ ಮಾತ್ರ ಇನ್ನೂ ಹಟ ಬಿಟ್ಟಿಲ್ಲ. ಹೀಲಿಯಂನ ಇಲೆಕ್ಟ್ರಾನ್ ಕೀಳಲು 2372 ಕಿಲೋಜೂಲ್ ಬೇಕು, ಧಾತುಗಳಲ್ಲೆಲ್ಲ ಅತಿ ಹೆಚ್ಚು.

ಹೀಲಿಯಂ ಮೊದಲು ಭಾರತದಲ್ಲಿ ಸಿಕ್ಕಿತು ಅನ್ನುತ್ತಾರೆ, ನಿಜವೇ?

ಅರ್ಧ ನಿಜ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಆಂಧ್ರದ ಗುಂಟೂರಿನಿಂದ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಲ್ಲಿ ನೋಡಿದರು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಗುರುತಿಸಿದ ಹಳದಿ ಗೆರೆ ಸೋಡಿಯಂನದಲ್ಲ, ಹೊಸ ಧಾತುವಿನದು ಎಂದು ವಾದಿಸಿ ಹೆಸರು ಕೊಟ್ಟವರು ಇಂಗ್ಲೆಂಡಿನ ಲಾಕಿಯರ್. ಭೂಮಿಯ ಮೇಲೆ ಅನಿಲವಾಗಿ ಕೈಗೆ ಸಿಕ್ಕಿದ್ದು 1895ರಲ್ಲಿ, ವಿಲಿಯಂ ರ‍್ಯಾಮ್ಸೆ ಅವರಿಗೆ, ಯುರೇನಿಯಂ ಖನಿಜದಿಂದ.

ಸೋಡಿಯಂನದೇ ಎಂಬ ಅನುಮಾನ ಬರಲು ಕಾರಣವಿದೆ. ಸೋಡಿಯಂನ ಹಳದಿ ಗೆರೆಗಳು 589.0 ಮತ್ತು 589.6 ನ್ಯಾನೋಮೀಟರ್, ಹೀಲಿಯಂನದು 587.6. ಪಕ್ಕದ ಮನೆ. ಸೋಡಿಯಂನ ಹಳದಿಯನ್ನು ನೀವೂ ಕಂಡಿದ್ದೀರಿ: ಉಪ್ಪು ಹಾಕಿದ ಸಾರು ಉಕ್ಕಿ ಗ್ಯಾಸ್ ಒಲೆಗೆ ಬಿದ್ದಾಗ ನೀಲಿ ಜ್ವಾಲೆ ಹಳದಿಯಾಗುತ್ತದಲ್ಲ, ಅದೇ. ಒಂದು ಸೂಕ್ಷ್ಮ: ಆ ಬೆಳಕು ಬರುವುದು ಎನ್‌ಎ⁺ ಅಯಾನಿನಿಂದಲ್ಲ. ಜ್ವಾಲೆಯ ಬಿಸಿಯಲ್ಲಿ ಅಯಾನು ಕ್ಷಣಕಾಲ ಇಲೆಕ್ಟ್ರಾನ್ ಮರಳಿ ಪಡೆದು ಪರಮಾಣುವಾಗುತ್ತದೆ. ಆ ಹೊರಗಿನ ಇಲೆಕ್ಟ್ರಾನ್ ಮೇಲಕ್ಕೆ ಜಿಗಿದು ಕೆಳಗಿಳಿಯುವಾಗ ಹಳದಿ ಹೊಳೆಯುತ್ತದೆ.

ಕಬ್ಬಿಣಕ್ಕೆ ಎರಡೆರಡು ಆವೇಶ ಹೇಗೆ?

ಕಬ್ಬಿಣದ ಹೊರಗಿನ ಎರಡು ಇಲೆಕ್ಟ್ರಾನ್ ಮೊದಲು ಹೋಗುತ್ತವೆ, ಅದು ಎಫ್‌ಇ²⁺, ಫೆರಸ್. ಒಳಗಿನಿಂದ ಇನ್ನೊಂದು ಹೋದರೆ ಎಫ್‌ಇ³⁺, ಫೆರಿಕ್. ಒಳಗಿನದಕ್ಕೂ ಹೊರಗಿನದಕ್ಕೂ ಶಕ್ತಿಯಲ್ಲಿ ಅಂಥ ಅಂತರವಿಲ್ಲದ್ದರಿಂದ ಎರಡೂ ಸಾಧ್ಯ. ಹೆಸರಿನಲ್ಲಿ ರೋಮನ್ ಅಂಕಿ ಹಾಕುವುದು ಇದಕ್ಕೇ: ಐರನ್ ಎರಡು, ಐರನ್ ಮೂರು.

ನಮ್ಮ ಕಡೆ ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಕೆಲವು ಬೋರ್‌ವೆಲ್‌ಗಳ ನೀರು ಎತ್ತಿದಾಗ ತಿಳಿಯಾಗಿರುತ್ತದೆ, ಕೊಡದಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆಗೆ ತಳದಲ್ಲಿ ಕಂದು ಗಸಿ. ನೆಲದಡಿ ಗಾಳಿ ತಾಗದ ಕಡೆ ಕಬ್ಬಿಣ ಎಫ್‌ಇ²⁺ ಆಗಿ ಕರಗಿರುತ್ತದೆ. ಹೊರಗೆ ಗಾಳಿಯ ಆಕ್ಸಿಜನ್ ತಾಗಿ ಎಫ್‌ಇ³⁺ ಆಗಿ, ಕರಗದ ಹೈಡ್ರಾಕ್ಸೈಡಾಗಿ ಕೂರುತ್ತದೆ. ಬಿಳಿ ಪಂಚೆಗೆ ಹತ್ತುವ ಕಲೆಯೂ ಮುರಕಲ್ಲಿನ ಕೆಂಪೂ ಎಫ್‌ಇ³⁺ನವೇ. ಅಂಥ ನೀರಲ್ಲಿ ಚಹಾ ಮಾಡಿದರೆ ಕಪ್ಪಗಾಗುವುದು ಚಹಾದ ಟ್ಯಾನಿನ್ ಕಬ್ಬಿಣದ ಜೊತೆ ಸೇರುವುದರಿಂದ.

ತಾಮ್ರದ ಅಯಾನನ್ನು ಕಣ್ಣಾರೆ ನೋಡುವ ದಾರಿ ಇದೆಯೇ?

ಅಡಿಕೆ ತೋಟದವರ ಮನೆಯಲ್ಲಿ ಪ್ರತಿ ವರ್ಷ ಮಳೆಗಾಲದ ಹೊಸ್ತಿಲಲ್ಲಿ ಇದು ನಡೆಯುತ್ತದೆ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ಹಾಲನ್ನು ಸೋಸಿಕೊಂಡು, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಬೇಕು. ಸುಣ್ಣವನ್ನು ತುತ್ತಿಗೆ ಸುರಿದರೆ ಕಣಗಳು ದಪ್ಪವಾಗಿ ಎಲೆ, ಗೊನೆಗಳಿಗೆ ಸರಿಯಾಗಿ ಅಂಟುವುದಿಲ್ಲ, ನಳಿಗೆಯೂ ಕಟ್ಟಿಕೊಳ್ಳುತ್ತದೆ.

ತುತ್ತಿನ ನೀರಿನ ನೀಲಿ, ನೀರಿನ ಅಣುಗಳು ಸುತ್ತುವರಿದ ಸಿಯು²⁺ ಅಯಾನಿನ ಬಣ್ಣ. ಸುಣ್ಣದ ಹೈಡ್ರಾಕ್ಸೈಡ್ ಅಯಾನು (ಓಎಚ್⁻) ಅದನ್ನು ಹಿಡಿದು ಕರಗದ ಆಕಾಶನೀಲಿ ಗಸಿಯಾಗಿಸುತ್ತದೆ. ಸುಣ್ಣ ಹಳತಾಗಿದ್ದರೆ ಅದರಲ್ಲಿ ಬಹುಪಾಲು ಗಾಳಿಯ ಇಂಗಾಲಾಮ್ಲದೊಡನೆ ಸೇರಿ ಕಾರ್ಬೊನೇಟ್ ಆಗಿರುತ್ತದೆ. ಆಗ ತೂಕ ಸರಿಯಿದ್ದರೂ ಓಎಚ್⁻ ಸಾಲದೆ ಸಿಯು²⁺ ಬಿಡಿಯಾಗಿ ಉಳಿದು ಸಿಂಗಾರ (ಅಡಿಕೆಯ ಹೂಗೊಂಚಲು) ಸುಟ್ಟುಹೋಗುತ್ತದೆ.

ಪರೀಕ್ಷೆ ಸುಲಭ. ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಬಿಡಿ ತಾಮ್ರದ ಅಯಾನು ಉಳಿದಿದೆ ಎಂದರ್ಥ, ಇನ್ನಷ್ಟು ಸುಣ್ಣದ ನೀರು ಬೇಕು. ಅಲ್ಲಿ ನಡೆದದ್ದು ಇಷ್ಟು: ಚೂರಿಯ ಕಬ್ಬಿಣ ಎರಡು ಇಲೆಕ್ಟ್ರಾನ್ ಕೊಟ್ಟು ಎಫ್‌ಇ²⁺ ಆಗಿ ನೀರಿಗಿಳಿಯಿತು, ಆ ಎರಡನ್ನು ಪಡೆದ ಸಿಯು²⁺ ಲೋಹವಾಗಿ ಅಲಗಿಗೆ ಅಂಟಿತು. ಕೊಟ್ಟದ್ದೂ ಎರಡು, ಪಡೆದದ್ದೂ ಎರಡು. ಇದೇ ಕಾರಣಕ್ಕೆ ತುತ್ತನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬಾರದು, ಪ್ಲಾಸ್ಟಿಕ್ ಡ್ರಮ್ ಬಳಸಬೇಕು. ಕಲಸಿದ್ದನ್ನು ಅದೇ ದಿನ ಮುಗಿಸಬೇಕು.

ಸಲ್ಫೇಟ್, ಕಾರ್ಬೊನೇಟ್ ಇವುಗಳ ಆವೇಶ ಕಂಡುಹಿಡಿಯುವುದು ಹೇಗೆ?

ಇವು ಗುಂಪಾಗಿ ಓಡಾಡುವ ಅಯಾನುಗಳು, ಇವಕ್ಕೆ ಕಳೆಯುವ ಲೆಕ್ಕ ನಡೆಯದು. ಇವನ್ನು ಬಾಯಿಪಾಠವೇ ಮಾಡಿ: ಅಮೋನಿಯಂ ಎನ್‌ಎಚ್₄⁺, ಹೈಡ್ರಾಕ್ಸೈಡ್ ಓಎಚ್⁻, ನೈಟ್ರೇಟ್ ಎನ್‌ಓ₃⁻, ಬೈಕಾರ್ಬೊನೇಟ್ ಎಚ್‌ಸಿಓ₃⁻, ಕಾರ್ಬೊನೇಟ್ ಸಿಓ₃²⁻, ಸಲ್ಫೇಟ್ ಎಸ್‌ಓ₄²⁻, ಫಾಸ್ಫೇಟ್ ಪಿಓ₄³⁻. ‘ಏಟ್’ ಹೋಗಿ ‘ಐಟ್’ ಆದರೆ ಒಂದು ಆಕ್ಸಿಜನ್ ಕಡಿಮೆ, ಆವೇಶ ಅಷ್ಟೇ: ಸಲ್ಫೈಟ್ ಎಸ್‌ಓ₃²⁻. ಸಲ್ಫೈಡ್ ಎಂದರೆ ಬೇರೆಯೇ, ಬರೀ ಎಸ್²⁻. ಆತುರದಲ್ಲಿ ಈ ಮೂರನ್ನು ಕಲಸಿಬಿಡುವವರೇ ಹೆಚ್ಚು.

ಸೂತ್ರ ಬರೆದಮೇಲೆ ಸರಿಯೋ ತಪ್ಪೋ ನೋಡುವುದು ಹೇಗೆ?

ಪ್ಲಸ್‌ಗಳನ್ನೂ ಮೈನಸ್‌ಗಳನ್ನೂ ಕೂಡಿಸಿ, ಸೊನ್ನೆ ಬರಬೇಕು. ಸುಣ್ಣದಲ್ಲಿ ಒಂದು ಸಿಎ²⁺ಗೆ ಎರಡು ಓಎಚ್⁻ ಬೇಕು, ಆದ್ದರಿಂದ ಸಿಎ(ಓಎಚ್)₂. ಆವರಣ ಬಿಟ್ಟರೆ 2 ಎಂಬುದು ಹೈಡ್ರೋಜನ್‌ಗೆ ಮಾತ್ರ ಸೇರಿ ಸೂತ್ರ ಕೆಡುತ್ತದೆ. ಅಂಕಿಗಳನ್ನು ಅಡ್ಡಡ್ಡ ಇಳಿಸುವ ವಿಧಾನ ಬಳಸುವವರು ಕೊನೆಗೆ ಭಾಗಿಸುವುದನ್ನು ಮರೆಯುತ್ತಾರೆ: ಕ್ಯಾಲ್ಸಿಯಂ ಆಕ್ಸೈಡ್ ಸಿಎ₂ಓ₂ ಅಲ್ಲ, ಸಿಎಓ.

ಲೆಕ್ಕ ಎಷ್ಟು ಕಟ್ಟುನಿಟ್ಟು ಎನ್ನುವುದಕ್ಕೆ ಓಆರ್‌ಎಸ್ ಪೊಟ್ಟಣದ ಹಿಂಬದಿ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ 1 ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಕರಗಿದ ಮೇಲೆ ಮಿಲಿಮೋಲ್ ಲೆಕ್ಕದಲ್ಲಿ ಸೋಡಿಯಂ 75, ಪೊಟ್ಯಾಸಿಯಂ 20, ಕ್ಲೋರೈಡ್ 65, ಸಿಟ್ರೇಟ್ 10. ಪ್ಲಸ್ ಕಡೆ 75 + 20 = 95. ಮೈನಸ್ ಕಡೆ 65 + 10 = 75 ಎಂದು ಕೂಡಿಸಿ ಗಾಬರಿಯಾಗಬೇಡಿ. ಸಿಟ್ರೇಟ್‌ನ ಆವೇಶ 3−, ಹಾಗಾಗಿ 65 + 30 = 95. ಗ್ಲೂಕೋಸ್ ಅಯಾನಾಗುವುದಿಲ್ಲ, ಅದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಜಡಾನಿಲ ನಮ್ಮೂರಲ್ಲಿ ಎಲ್ಲಾದರೂ ಕಾಣಸಿಗುತ್ತದೆಯೇ?

ನೀವು ಎಳೆದುಕೊಳ್ಳುವ ಉಸಿರಿನಲ್ಲೇ ಇದೆ, ಗಾಳಿಯಲ್ಲಿ ಆರ್ಗಾನ್ ಶೇ. 0.93. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕಾಂತವನ್ನು ತಣ್ಣಗಿಡುವುದು −269 ಡಿಗ್ರಿಯ ದ್ರವ ಹೀಲಿಯಂ. ಬೈಕಂಪಾಡಿಯಂಥ ಕಡೆ ಸ್ಟೀಲ್ ಕೆಲಸದ ಶೆಡ್ಡುಗಳಲ್ಲಿ ‘ಆರ್ಗಾನ್ ವೆಲ್ಡಿಂಗ್’ ನೋಡಬಹುದು. ಕರಗಿದ ಸ್ಟೀಲಿಗೆ ಗಾಳಿಯ ಆಕ್ಸಿಜನ್ ತಾಗದಂತೆ ನಿಮಿಷಕ್ಕೆ 8ರಿಂದ 12 ಲೀಟರ್ ಆರ್ಗಾನ್ ಹರಿಸುತ್ತಾರೆ. ಸೆಕೆಗೆಂದು ಫ್ಯಾನನ್ನು ಅತ್ತ ತಿರುಗಿಸಿದರೆ ಅನಿಲದ ಮುಸುಕು ಹಾರಿಹೋಗಿ ಬೆಸುಗೆ ಕಪ್ಪಾಗುತ್ತದೆ, ತೂತು ತೂತಾಗುತ್ತದೆ. ಆರ್ಗಾನ್ ಗಾಳಿಗಿಂತ ಭಾರ. ಟ್ಯಾಂಕಿನ ಒಳಗೆ ಕೂತು ಕೆಲಸ ಮಾಡುವಾಗ ಅದು ತಳದಲ್ಲಿ ತುಂಬಿ ಆಕ್ಸಿಜನ್ ಹೊರದೂಡುತ್ತದೆ. ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ, ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ವಿಷವಲ್ಲ ಎಂಬ ಧೈರ್ಯದಲ್ಲಿ ಒಬ್ಬರೇ ಒಳಗಿಳಿಯಬಾರದು. ಗಾಳಿ ಊದುವ ಬ್ಲೋವರ್ ಹಾಕಿ, ಹೊರಗೆ ಒಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು.